ಎಡಗಣ್ಣಿನ ಚಿತ್ರ

ಜನವರಿ 11

ಅಕ್ಕ,

ಇಲ್ಲಿ ಎಲ್ಲರೂ ಕ್ಷೇಮ ಅಂತ ಶುರುಮಾಡಬೇಕು ಅಲ್ಲವಾ? ಬಲಗಡೆಯ ಅರ್ಧ ಕ್ಷೇಮ. ಎಡಗಡೆಯ ಅರ್ಧದ ವಿಷಯ ಹೇಳುವುದಕ್ಕೇ ಈ ಪತ್ರ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಆಸ್ಪತ್ರೆ ದನಿ ತೆಗೆಯುತ್ತೀಯ, 'ಎಷ್ಟು ದಿನದಿಂದ, ಯಾವ ಕಣ್ಣು, ನೋವಿದೆಯಾ' ಅಂತ. ಕಾಗದದಲ್ಲಿ ಮಾತ್ರ ನೀನು ಅಕ್ಕನ ಥರ ಇರುತ್ತೀಯ.

ಕಳೆದ ಜುಲೈನಲ್ಲಿ ಎಡಗಣ್ಣು ಹೊರಳಿಸಿದರೆ ನೋಯುತ್ತಿತ್ತು. ಆಮೇಲೆ ಸ್ನಾನದ ಮನೆಯ ಕನ್ನಡಿಗೆ ಹಬೆ ಹಿಡಿದ ಹಾಗೆ ಮಂಜು. ಕನ್ನಡಕದ ಅಂಗಡಿಗೆ ಹೋಗಿ ನಂಬರ್ ಬದಲಿಸಿಕೊಂಡು ಬಂದೆ. ನಿನಗೆ ಹೇಳಲಿಲ್ಲ, ಹೇಳಿದ್ದರೆ ಬೈಗುಳ ಗ್ಯಾರಂಟಿ. ಕಣ್ಣಾಸ್ಪತ್ರೆಯಲ್ಲಿ ಸ್ವಂತ ಅಕ್ಕ ಇಪ್ಪತ್ತು ವರ್ಷದಿಂದ ಸ್ಕ್ಯಾನ್ ತೆಗೆಯುತ್ತಿದ್ದಾಳೆ, ತಂಗಿ ಬೀದಿಬದಿಯ ಕನ್ನಡಕ ಹಾಕಿಕೊಂಡು ತಿರುಗುತ್ತಿದ್ದಾಳೆ. ದೀಪದ ಬುಡದಲ್ಲಿ ಕತ್ತಲೆ ಅಂತ ಸುಮ್ಮನೆ ಹೇಳಿಲ್ಲ.

ಸಿಕ್ಕಿಬಿದ್ದದ್ದು ನಮ್ಮ ರಫೂ ಅಂಗಡಿಯಲ್ಲಿ. ಒಬ್ಬರು ಕಡುಗೆಂಪು ಕೋಟು ತಂದಿದ್ದರು, ಮೊಣಕೈ ಹತ್ತಿರ ಸಿಗರೇಟಿನ ತೂತು. ಎಡಗಣ್ಣನ್ನೇ ಭೂತಗನ್ನಡಿಗೆ ಇಟ್ಟು ಎರಡು ದಿನ ಕೂತು ರಫೂ ಮಾಡಿದೆ. ಅಂಗಡಿಯ ಯಜಮಾನರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ, "ಇದು ಕಂದು ದಾರ ಕಣಮ್ಮ" ಅಂದರು. ರಫೂ ಅಂದರೆ ಮಾಡಿದ್ದೇ ಕಾಣಬಾರದು. ನನ್ನದು ರಸ್ತೆಯಿಂದಲೇ ಕಾಣುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

ಈಗ ನರದ ಡಾಕ್ಟರರ ಹತ್ತಿರ ಹೋಗುತ್ತಿದ್ದೇನೆ. ಮೆದುಳಿನ ಸ್ಕ್ಯಾನ್‌ನಲ್ಲಿ ಒಂದೆರಡು ಚುಕ್ಕೆ ಇವೆಯಂತೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಇರಬಹುದು, ಇಲ್ಲದೆಯೂ ಇರಬಹುದು ಅನ್ನುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಮೈಯನ್ನು ಕಾಯುವ ಪಡೆಯೇ ತಿರುಗಿಬಿದ್ದು ನರದ ಮೇಲಿನ ಹೊದಿಕೆಯನ್ನು ತಿನ್ನುವ ರೋಗವಂತೆ. ಒಂದೇ ಸಲ ಬಂದು ಹೋಗಿದ್ದರೆ ಕಾದು ನೋಡಬಹುದು, ಮುಂಚೆಯೂ ಒಮ್ಮೆ ಬಂದಿತ್ತು ಅಂತ ಗೊತ್ತಾದರೆ ಈಗಲೇ ಔಷಧಿ ಶುರುಮಾಡಬೇಕು, ತಡಮಾಡಬಾರದು ಅಂದರು. "ಹಳೆಯ ಕಣ್ಣಿನ ಸ್ಕ್ಯಾನ್ ಏನಾದರೂ ಇದೆಯಾ?" ಅಂತ ಕೇಳಿದರು.

ನಾನು ಎದೆ ಉಬ್ಬಿಸಿ, "ನಮ್ಮಕ್ಕನ ಹತ್ತಿರ ಇದೆ" ಅಂದೆ. ನಿನ್ನ ಹೊಸ ಯಂತ್ರ ಬಂದ ದಿನ ಮೊದಲು ಗಲ್ಲ ಇಟ್ಟವಳು ನಾನೇ ತಾನೆ? ಹುಡುಕಿ ಕಳಿಸು.

ಅಮ್ಮ ಚೆನ್ನಾಗಿದ್ದಾಳೆ. ನನ್ನ ತಟ್ಟೆಯನ್ನು ಬಲಗಡೆಗೆ ಸರಿಸಿ ಇಡುತ್ತಾಳೆ, ನನಗೆ ಗೊತ್ತಾಗುವುದಿಲ್ಲ ಅಂದುಕೊಂಡು.

ನಿನ್ನ ಮಂಗ


ಜನವರಿ 24

ಮಂಗ,

ನಿನ್ನ ಪತ್ರವನ್ನು ಮೂರು ಸಲ ಓದಿದೆ, ಒಂದು ರೋಗಿಗೂ ಇನ್ನೊಂದು ರೋಗಿಗೂ ನಡುವೆ. ಆರು ತಿಂಗಳು ಮುಚ್ಚಿಟ್ಟಿದ್ದೀಯಲ್ಲ, ಎದುರಿಗಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ. ದಾರದ ಬಣ್ಣ ತಪ್ಪಿತು ಅನ್ನುವ ಸಾಲಿನ ಹತ್ತಿರ ಬಂದಾಗ ಓದಲಾಗದೆ ಕಾಗದ ಮಡಿಸಿಟ್ಟೆ.

ಹೆದರಬೇಡ. ಈ ಕಾಯಿಲೆ ಇರುವವರನ್ನು ವಾರಕ್ಕೆ ಒಬ್ಬಿಬ್ಬರನ್ನಾದರೂ ನೋಡುತ್ತೇನೆ. ಎಷ್ಟೋ ಜನರ ಕಣ್ಣು ಹೋಗಿ ವಾಪಸು ಬರುತ್ತದೆ. ಕಣ್ಣಿನ ಹಿಂದಿನ ಪರದೆಯಲ್ಲಿ ನರದ ಎಳೆಗಳು ಒಂದು ಪದರವಾಗಿ ಹಾಸಿಕೊಂಡಿರುತ್ತವೆ. ನಮ್ಮ ಯಂತ್ರ ಬೆಳಕು ಬಿಟ್ಟು ಆ ಪದರದ ದಪ್ಪ ಅಳೆಯುತ್ತದೆ. ಒಳ್ಳೆಯ ಕಣ್ಣಿನಲ್ಲಿ ಅದು ಸುಮಾರು ಒಂದು ತಲೆಗೂದಲಿನಷ್ಟು. ದಾಳಿ ಆದಮೇಲೆ ಕೆಲವು ತಿಂಗಳಲ್ಲಿ ಸವೆಯುತ್ತದೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಅದಕ್ಕೇ ಡಾಕ್ಟರು ಹಳೆಯದನ್ನು ಕೇಳುತ್ತಿರುವುದು.

ತುಂಬ ಬಿಸಿ ನೀರಿನ ಸ್ನಾನ ಬೇಡ, ಮೈ ಕಾದರೆ ದೃಷ್ಟಿ ಇನ್ನೂ ಮಬ್ಬಾಗುತ್ತದೆ. ದಿನಾ ಬೆಳಗ್ಗೆ ಒಂದೊಂದೇ ಕಣ್ಣು ಮುಚ್ಚಿ ಕೆಂಪು ದಾರದ ಉಂಡೆ ನೋಡು. ಎರಡರಲ್ಲೂ ಒಂದೇ ಕೆಂಪಾ ಅಂತ ಗಮನಿಸು.

ಹಳೆಯ ದಾಖಲೆಗಳನ್ನು ನೆಲಮಾಳಿಗೆಯ ಕಂಪ್ಯೂಟರಿಗೆ ಸಾಗಿಸಿಬಿಟ್ಟಿದ್ದಾರೆ. ಹುಡುಕುತ್ತೇನೆ. ನಾಲ್ಕು ವರ್ಷದ ಮಾತು. ಎಡಗಣ್ಣಿನದು ಆವತ್ತು ಸರಿಯಾಗಿ ಬಂದಿರಲಿಲ್ಲ ಅಂತ ನೆನಪು.

ಅಕ್ಕ


ಫೆಬ್ರವರಿ 3

ಅಕ್ಕ,

ಸರಿಯಾಗಿ ಬಂದಿರಲಿಲ್ಲವಂತೆ! ಯಾರ ತಪ್ಪು ಅಂತ ಆವತ್ತು ಎಲ್ಲರೆದುರಿಗೆ ಹೇಳಿದ್ದು ಮರೆತೆಯಾ?

ನನಗೆ ಎಲ್ಲ ನೆನಪಿದೆ. ಹೊಸ ಯಂತ್ರ, ಇನ್ನೂ ಪ್ಲಾಸ್ಟಿಕ್ ವಾಸನೆ ಹೋಗಿರಲಿಲ್ಲ. ನಿಮ್ಮ ನಿರ್ದೇಶಕರು ಕೋಟು ಹಾಕಿಕೊಂಡು ನಿಂತಿದ್ದರು, ಪಕ್ಕದಲ್ಲಿ ಯಂತ್ರ ಮಾರಿದ ಕಂಪನಿಯವನು. ರಜೆಗೆ ನಿನ್ನ ಮನೆಗೆ ಬಂದಿದ್ದ ನನ್ನನ್ನು, ಬಾ, ಐದು ನಿಮಿಷ ಕೂತಿರು, ಆರೋಗ್ಯವಾಗಿರುವ ಕಣ್ಣು ಬೇಕು ಅಂತ ಎಳೆದುಕೊಂಡು ಹೋದೆ. ಬಲಗಣ್ಣಿನ ಚಿತ್ರ ತೆಗೆದೆ, ಎಲ್ಲರೂ ಆಹಾ ಅಂದರು. ಎಡಗಣ್ಣಿಗೆ ಬಂದಾಗ ನೀನು, "ಹಸಿರು ಗುರುತನ್ನೇ ನೋಡು" ಅಂದೆ. ನಾನು, "ಹಸಿರು ಎಲ್ಲಿದೆ, ಬೂದು ಇದೆಯಲ್ಲ" ಅಂದೆ. ಎಲ್ಲರೂ ನಕ್ಕರು. ಚಿತ್ರ ಬಂದಮೇಲೆ ನೀನು ತಲೆ ಚಚ್ಚಿಕೊಂಡು, "ಅಲ್ಲಾಡಿಬಿಟ್ಟೆಯಲ್ಲೇ ಮಂಗ!" ಅಂದೆ. ನಾನು ಎಲ್ಲಿ ಅಲ್ಲಾಡಿದೆ? ದಿನಕ್ಕೆ ಎಂಟು ಗಂಟೆ ಭೂತಗನ್ನಡಿಯ ಕೆಳಗೆ ಒಂದೇ ಎಳೆ ನೋಡುತ್ತಾ ಕೂರುವವಳು ನಾನು. ನಾನು ಅಲ್ಲಾಡಿರಲಿಲ್ಲ, ಇದು ದಾಖಲೆಯಲ್ಲಿರಲಿ.

ಬಲಗಣ್ಣಿನ ಚಿತ್ರವನ್ನು ದೊಡ್ಡದು ಮಾಡಿಸಿ ನಿನ್ನ ಕೋಣೆಯ ಗೋಡೆಗೆ ಹಾಕಿದ್ದೀಯಲ್ಲ, 'ಆರೋಗ್ಯವಂತ ಕಣ್ಣು' ಅಂತ ಬರೆದು? ಇನ್ನೂ ಇದೆಯಾ? ಕೆಲಸ ಕಲಿಯಲು ಬರುವವರಿಗೆಲ್ಲ ಅದನ್ನೇ ತೋರಿಸುತ್ತೇನೆ ಅಂದಿದ್ದೆ. ನಮ್ಮ ವಂಶದಲ್ಲಿ ಗೋಡೆ ಏರಿದವಳು ನಾನೊಬ್ಬಳೇ. ಅದರದೂ ಒಂದು ಪ್ರತಿ ಕಳಿಸು.

ಎಡಗಣ್ಣಿನದು ಕೆಟ್ಟು ಬಂದಿದ್ದರೂ ಪರವಾಗಿಲ್ಲ, ಕಳಿಸು. ಡಾಕ್ಟರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾರೆ.

ನಿನ್ನ ಮಂಗ


ಫೆಬ್ರವರಿ 9

ಮಂಗ,

ಸಿಕ್ಕಿತು.

ಇವತ್ತು ಊಟದ ಬಿಡುವಿನಲ್ಲಿ ನೆಲಮಾಳಿಗೆಗೆ ಹೋಗಿದ್ದೆ. ಹೆಸರಿನ ಜಾಗದಲ್ಲಿ 'ತಂಗಿ, ಟ್ರಯಲ್' ಅಂತ ನಾನೇ ಬರೆದಿದ್ದೇನೆ. ಬಲಗಣ್ಣಿನ ಪದರ ತೊಂಬತ್ತೆಂಟು ಮೈಕ್ರಾನ್. ಎಡಗಣ್ಣಿನದು ಎಪ್ಪತ್ತೊಂದು. ಸುತ್ತಲೂ ಕೆಂಪು, ಪದರ ಸವೆದಿದೆ ಅಂತ ಯಂತ್ರ ಹಾಕುವ ಗುರುತು.

ಕಣ್ಣು ಅಲ್ಲಾಡಿದರೆ ಚಿತ್ರದಲ್ಲಿ ರಕ್ತನಾಳಗಳು ಮುರಿದು ಕಾಣುತ್ತವೆ. ನಿನ್ನದರಲ್ಲಿ ಒಂದೂ ಮುರಿದಿಲ್ಲ. ಚಿತ್ರದ ಗುಣಮಟ್ಟಕ್ಕೆ ಯಂತ್ರವೇ ಅಂಕ ಕೊಡುತ್ತದೆ. ಹತ್ತಕ್ಕೆ ಎಂಟು ಕೊಟ್ಟಿದೆ. ಅದು ಆವತ್ತೂ ತೆರೆಯ ಮೂಲೆಯಲ್ಲೇ ಇತ್ತು. ನಾನು ನೋಡಲಿಲ್ಲ. ಕೆಂಪು ಬಂದ ತಕ್ಷಣ ಕಂಪನಿಯವನು ಹುಬ್ಬೇರಿಸಿದ, ನಿರ್ದೇಶಕರು ನನ್ನ ಕಡೆ ತಿರುಗಿದರು. ಇವಳಿಗೆ ಯಂತ್ರ ಬರುವುದಿಲ್ಲ ಅಂತ ಅವರು ಅಂದುಕೊಳ್ಳುವುದಕ್ಕೆ ಮೊದಲೇ ನಿನ್ನ ಮೇಲೆ ಹಾಕಿಬಿಟ್ಟೆ. ಷರಾದ ಜಾಗದಲ್ಲಿ 'ರೋಗಿ ಅಲ್ಲಾಡಿದ್ದಾರೆ' ಅಂತ ಬರೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿತವೂ ಸರಿಯಿತ್ತು, ನೆಲವೂ ಸರಿಯಿತ್ತು, ಬಾಯಿ ಮಾತ್ರ ಡೊಂಕು.

ಆ ವರ್ಷ ಸೈನಸ್ ತಲೆನೋವು ಅಂತ ಒಂದು ವಾರ ಕಣ್ಣು ಬಿಡದೆ ಮಲಗಿದ್ದೆಯಲ್ಲ. ಅದು ಸೈನಸ್ ಅಲ್ಲ. ಬೂದು ಬಣ್ಣ ಅಂದೆಯಲ್ಲ, ಅದು ತಮಾಷೆಯಲ್ಲ. ನೀನು ಬಾಯಿಬಿಟ್ಟು ಹೇಳಿದ್ದೆ, ಯಂತ್ರವೂ ಹೇಳಿತ್ತು. ಇಬ್ಬರ ಮಾತನ್ನೂ ನಾನು ಕೇಳಲಿಲ್ಲ.

ಈ ಚಿತ್ರವನ್ನು ನಿನ್ನ ಡಾಕ್ಟರಿಗೆ ತೋರಿಸು. ಜುಲೈನಲ್ಲಿ ಆದದ್ದು ಎರಡನೆಯ ದಾಳಿ ಅಂತ ಅವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಔಷಧಿ ಈಗಲೇ

(ಈ ಪತ್ರ ಇಲ್ಲಿಗೆ ನಿಂತಿದೆ. ಅಂಚೆಗೆ ಹೋಗಲಿಲ್ಲ.)


ಫೆಬ್ರವರಿ 12

ಮಂಗ,

ಬಲಗಣ್ಣಿನ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಗೋಡೆಯ ಮೇಲಿನದು ಇನ್ನೂ ಅಲ್ಲೇ ಇದೆ, ಹೊಸ ಚೌಕಟ್ಟು ಹಾಕಿಸಿದ್ದೇನೆ.

ಎಡಗಣ್ಣಿನದು ಸಿಗಲಿಲ್ಲ. ಆವತ್ತೇ ಅಳಿಸಿಹಾಕಿರಬೇಕು. ಕೆಟ್ಟ ಚಿತ್ರಗಳನ್ನು ನಾವು ಇಟ್ಟುಕೊಳ್ಳುವುದಿಲ್ಲ.

ಆರೋಗ್ಯ ನೋಡಿಕೋ. ಕೆಂಪು ಉಂಡೆ ದಿನಾ ನೋಡು.

ಅಕ್ಕ


ಮಾರ್ಚ್ 3

ಅಕ್ಕಾ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು! ಡಾಕ್ಟರು ನಿನ್ನ ಚಿತ್ರ ನೋಡಿ, "ಇಷ್ಟು ಅಚ್ಚುಕಟ್ಟಾಗಿ ಸ್ಕ್ಯಾನ್ ತೆಗೆದವರು ಯಾರು?" ಅಂದರು. ನಾನು ಹೊಗಳಿದ್ದೇ ಹೊಗಳಿದ್ದು. ನಾಲ್ಕು ವರ್ಷದ ಹಿಂದೆ ಬಲಗಣ್ಣು ಪೂರ್ತಿ ಚೆನ್ನಾಗಿತ್ತು, ಈಗಲೂ ಹಾಗೇ ಇದೆ. ಎಡಗಣ್ಣಿಗೆ ಮುಂಚೆ ಏನಾದರೂ ಆಗಿತ್ತು ಅನ್ನುವುದಕ್ಕೆ ಪುರಾವೆ ಇಲ್ಲ. ಒಂದೇ ದಾಳಿ ಅಂತ ಲೆಕ್ಕಕ್ಕಿಟ್ಟುಕೊಂಡು ಕಾಯೋಣ, ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡೋಣ, ಸದ್ಯಕ್ಕೆ ಔಷಧಿ ಬೇಡ ಅಂದರು. ಆ ಔಷಧಿಗೆ ಅದರದೇ ಕಾಟ ಇದೆಯಂತೆ, ಸುಮ್ಮನೆ ಕೊಡುವುದಿಲ್ಲವಂತೆ.

ನೀನು ಆವತ್ತು ನನ್ನನ್ನು ಎಳೆದುಕೊಂಡು ಹೋಗದೆ ಇದ್ದಿದ್ದರೆ ಈ ಸಮಾಧಾನವೂ ಇರುತ್ತಿರಲಿಲ್ಲ.

ಅಂಗಡಿಗೆ ವಾಪಸು ಹೋಗುತ್ತಿದ್ದೇನೆ. ಬಲಗಣ್ಣೊಂದರಲ್ಲೇ ಕೆಲಸ. ಗುಂಡಿ ಹೊಲಿಯುವ ನಮ್ಮ ಗುಂಡಿಯಕ್ಕ ಇದ್ದಾಳಲ್ಲ, ಅವಳು ದಾರದ ಉಂಡೆಗಳಿಗೆಲ್ಲ ಬಣ್ಣದ ಹೆಸರು ಬರೆದು ಚೀಟಿ ಅಂಟಿಸಿದ್ದಾಳೆ. 'ಇದು ಕಂದು, ಮುಟ್ಟಬೇಡ' ಅಂತಲೂ ಒಂದಿದೆ. ನಿನ್ನೆ ಒಂದು ಬೂದು ಶಾಲು ಮುಗಿಸಿದೆ. ಅಂಚಿನ ಒಳಮಡಿಕೆಯಿಂದಲೇ ಎಳೆ ಕಿತ್ತು ಹಾಸು ಹೊಕ್ಕು ಎರಡೂ ಕೂರಿಸಿದೆ. ಯಜಮಾನರು ಕನ್ನಡಕ ಹಾಕಿಕೊಂಡು ತೂತು ಎಲ್ಲಿತ್ತು ಅಂತ ಹುಡುಕಿದರು. ಸಿಗಲಿಲ್ಲ. ಮನೆಗೆ ಬಂದು ಅಮ್ಮನ ಮುಂದೆ ಕುಣಿದುಬಿಟ್ಟೆ.

ನಿನ್ನ ಪತ್ರ ಯಾಕೆ ಅಷ್ಟು ಚಿಕ್ಕದು?

ನಿನ್ನ ಮಂಗ


ಏಪ್ರಿಲ್ 20

ಮಂಗ,

ನಿನ್ನ ಪತ್ರಕ್ಕೆ ಉತ್ತರ ಬರೆಯದೆ ಇಷ್ಟು ದಿನ ಕಳೆದೆ, ಕೆಲಸ ಜಾಸ್ತಿ.

ಇನ್ನೊಬ್ಬ ನರದ ಡಾಕ್ಟರರಿಗೂ ಒಮ್ಮೆ ತೋರಿಸು. ಔಷಧಿ ಈಗಲೇ ಶುರುಮಾಡಿದರೆ ಒಳ್ಳೆಯದಾ ಅಂತ ಒತ್ತಾಯ ಮಾಡಿ ಕೇಳು. ನಮ್ಮಲ್ಲಿ ಬರುವವರನ್ನು ನೋಡಿ ಹೇಳುತ್ತಿದ್ದೇನೆ. ಆರು ತಿಂಗಳು ಕಾಯುವುದು ನನಗೆ ಇಷ್ಟವಿಲ್ಲ. ನಾಲ್ಕು ವರ್ಷದ ಹಿಂದೆ ಸೈನಸ್ ಆಗಿದ್ದರ ವಿಷಯವೂ ಹೇಳು.

ಹೋಗಿ ಬಂದಮೇಲೆ ಬರೆ. ಮರೆಯಬೇಡ.

ಅಕ್ಕ


ಮೇ 2

ಅಕ್ಕ,

ನೀನು ಬಿಡು, ನಾನು ಚಿಕ್ಕವಳಿದ್ದಾಗ ಒಂದು ಸೀನು ಸೀನಿದರೆ ಮೂರು ರಗ್ಗು ಹೊದಿಸುತ್ತಿದ್ದವಳು. ಸೈನಸ್ ವಿಷಯ ಹೇಳಿದೆ. ಬರೀ ನೆನಪಿನ ಮೇಲೆ ಏನೂ ಹೇಳಲಾಗದು ಅಂದರು. ಇನ್ನೊಬ್ಬ ಡಾಕ್ಟರರ ಹತ್ತಿರ ಹೋಗಲು ಒಂದು ದಿನದ ಕೆಲಸ ಬಿಡಬೇಕು, ಈಗ ಮದುವೆ ಸೀರೆಗಳ ರಾಶಿ ಬಿದ್ದಿದೆ. ಸೆಪ್ಟೆಂಬರ್‌ನಲ್ಲಿ ಹೇಗೂ ಸ್ಕ್ಯಾನ್ ಇದೆಯಲ್ಲ.

ಕೆಂಪು ಉಂಡೆ ದಿನಾ ನೋಡುತ್ತಿದ್ದೇನೆ. ಬಲಗಡೆ ಕೆಂಪು, ಎಡಗಡೆ ತೊಳೆದು ತೊಳೆದು ಬಿಳಿಚಿಕೊಂಡ ಕೆಂಪು. ಬದಲಾಗಿಲ್ಲ.

ನಿನ್ನ ಮಂಗ


ಜೂನ್ 17

ಮಗಳೇ,

ನಾನು ಅಮ್ಮ. ಅವಳು ಬರೆಯುವ ಹಾಗಿಲ್ಲ.

ಹೋದ ಗುರುವಾರ ಬೆಳಗ್ಗೆ ಎದ್ದು, "ಅಮ್ಮ, ಕಿಟಕಿ ತೆಗಿ" ಅಂದಳು. ಕಿಟಕಿ ತೆಗೆದೇ ಇತ್ತು. ಬಿಸಿಲು ಅವಳ ಮುಖದ ಮೇಲೇ ಬಿದ್ದಿತ್ತು. ನಾನು ಕಿಟಕಿ ಮುಚ್ಚಿ ಮತ್ತೆ ತೆಗೆದೆ, ಸದ್ದಾಗಲಿ ಅಂತ. ಅವಳಿಗೆ ಗೊತ್ತಾಗಿಹೋಯಿತು. ದಾರದ ಉಂಡೆ ತೆಗೆದುಕೊಂಡು ಬಲಗಣ್ಣಿನ ಹತ್ತಿರ ಹಿಡಿದಳು. ಇನ್ನೂ ಹತ್ತಿರ ಹಿಡಿದಳು. ಮೂಗಿಗೆ ತಾಗಿತು. ಎಡಗಣ್ಣಿನಲ್ಲಿ ಇದ್ದ ಮಬ್ಬು ನೋಟವೂ ಅದರ ಜೊತೆಗೇ ಆರಿತ್ತು.

ಐದು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಈಗ ಬಲಗಣ್ಣಿಗೆ ಬೆಳಕು ಗೊತ್ತಾಗುತ್ತದೆ, ಬಾಗಿಲಲ್ಲಿ ಯಾರಾದರೂ ನಿಂತರೆ ನೆರಳು ಗೊತ್ತಾಗುತ್ತದೆ. ಬೆರಳು ಎಣಿಸಲು ಬರುತ್ತಿಲ್ಲ. ಎಷ್ಟು ವಾಪಸು ಬರುತ್ತದೋ ಹೇಳಲಾಗದು ಅಂದಿದ್ದಾರೆ. ಈಗ ಔಷಧಿ ಶುರುಮಾಡುತ್ತಾರಂತೆ.

ರಾತ್ರಿ ಅಳುವುದಿಲ್ಲ. ಹಗಲೇ ಅಳುತ್ತಾಳೆ, ಜೋರಾಗಿ, ಮಕ್ಕಳ ಥರ. ನಿನ್ನನ್ನೇ ಕೇಳುತ್ತಾಳೆ. "ಅಕ್ಕ ಹೇಳಿದ್ದಳು, ಕಾಯಬೇಡ ಅಂತ, ನಾನೇ ಕೇಳಲಿಲ್ಲ" ಅಂತ ಒಂದೇ ಮಾತು. ಬೇಗ ಬಾ, ಇಲ್ಲವೇ ಬರೆ. ನಾನು ಓದಿ ಹೇಳುತ್ತೇನೆ.

ಅಮ್ಮ


ಜೂನ್ 22

ಮಂಗ,

ಇದನ್ನು ಅಮ್ಮ ಓದುತ್ತಿದ್ದಾಳೆ. ಅಮ್ಮ, ಎಲ್ಲವನ್ನೂ ಓದು.

ನೀನು ಕೇಳಲಿಲ್ಲ ಅಂತ ನಿನ್ನನ್ನು ನೀನು ಬೈದುಕೊಳ್ಳಬೇಡ. ಎಡಗಣ್ಣಿನ ಚಿತ್ರವನ್ನು ನಾನು ಅಳಿಸಿರಲಿಲ್ಲ. ಫೆಬ್ರವರಿಯಲ್ಲೇ ನನ್ನ ಕೈಗೆ ಸಿಕ್ಕಿತ್ತು. ಆವತ್ತು ಬರೆದು ನಿಲ್ಲಿಸಿದ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ, ಅದರಲ್ಲಿ ಎಲ್ಲ ಇದೆ. 'ಔಷಧಿ ಈಗಲೇ' ಅಂತ ಬರೆದು ಪೆನ್ನು ಕೆಳಗಿಟ್ಟೆ. ಆ ಸಾಲನ್ನು ಮುಗಿಸಿದ್ದರೆ ಸಾಕಿತ್ತು.

ಯಾಕೆ ಮುಗಿಸಲಿಲ್ಲ ಅಂತ ನೀನು ಕೇಳುತ್ತೀಯ. ನಾಲ್ಕು ತಿಂಗಳಿಂದ ನಾನೇ ಕೇಳಿಕೊಳ್ಳುತ್ತಿದ್ದೇನೆ. ಕೆಲಸ ಹೋಗುತ್ತದೆ ಅಂತ ಅಲ್ಲ, ಟ್ರಯಲ್ ಚಿತ್ರಕ್ಕೆ ಯಾರೂ ಕೆಲಸದಿಂದ ತೆಗೆಯುವುದಿಲ್ಲ. ನಾನು ಹೇಳಿದ್ದನ್ನು ನೀನು ಹುಟ್ಟಿದಾಗಿನಿಂದ ನಂಬಿಕೊಂಡು ಬಂದಿದ್ದೀಯ. ಮೊದಲ ದಿನ ಶಾಲೆಗೆ ಬಿಟ್ಟು, ಮೂರು ಗಂಟೆಗೆ ಬರುತ್ತೇನೆ ಅಂದಾಗ ನೀನು ಗೇಟಿನ ಹತ್ತಿರ ಅಳದೆ ನಿಂತಿದ್ದೆ. ಆ ನಂಬಿಕೆ ಹೋಗುತ್ತದಲ್ಲ ಅಂತ ಹೆದರಿದೆ. ಕೆಲವು ತಿಂಗಳಲ್ಲಿ ಏನಾಗಿಬಿಡುತ್ತದೆ, ಹೇಗಾದರೂ ಔಷಧಿ ಶುರುಮಾಡಿಸಿದರೆ ಆಯಿತು, ಚಿತ್ರದ ವಿಷಯ ಎತ್ತುವ ಅಗತ್ಯವೇ ಬೀಳುವುದಿಲ್ಲ ಅಂತ ಲೆಕ್ಕ ಹಾಕಿದೆ. ಏನಾಗಬಹುದು ಅಂತ ಈ ಆಸ್ಪತ್ರೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಗೊತ್ತಿದ್ದೇ ಮಾಡಿದೆ.

ನಾಲ್ಕು ವರ್ಷದ ಹಿಂದಿನದು ತಪ್ಪು. ಫೆಬ್ರವರಿಯದು ತಪ್ಪಲ್ಲ, ಪಾಪ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ನನ್ನನ್ನು ಉಳಿಸಬೇಡ.

ಅಮ್ಮನ ಪತ್ರ ಬಂದ ದಿನವೇ ಎಡಗಣ್ಣಿನ ಚಿತ್ರವನ್ನು ಷರಾ ಸಮೇತ ನಿನ್ನ ಡಾಕ್ಟರರಿಗೆ ಕಂಪ್ಯೂಟರಿನಲ್ಲಿ ಕಳಿಸಿದೆ. ರಜೆ ಹಾಕಿದ್ದೇನೆ, ಪೆಟ್ಟಿಗೆ ಕಟ್ಟಿದ್ದೇನೆ. ಆದರೆ ಇದು ನಿನಗೆ ಗೊತ್ತಾಗದೆ ಬಂದು ನಿನ್ನ ತಲೆ ಸವರಲಾರೆ. ಕೇಳಿದಮೇಲೆ ನೀನು ಬಾ ಅಂದರೆ ಬರುತ್ತೇನೆ.

ಅಕ್ಕ


ಜುಲೈ 4

ಮಗಳೇ,

ನಿನ್ನ ಪತ್ರ ಬಂತು. ಹಾಸಿಗೆಯ ಪಕ್ಕ ಕೂತು ಓದಲು ಶುರುಮಾಡಿದೆ. 'ನಿನ್ನನ್ನು ನೀನು ಬೈದುಕೊಳ್ಳಬೇಡ' ಅನ್ನುವವರೆಗೆ ಜೋರಾಗಿ ಓದಿದೆ. ಅದರ ಮುಂದಿನ ಸಾಲನ್ನು ಕಣ್ಣಲ್ಲಿ ಓದಿದೆ. ಆಮೇಲೆ ನನ್ನ ಬಾಯಿ ತಾನಾಗಿ ಬೇರೆ ಏನೋ ಹೇಳಿತು. 'ಚೆನ್ನಾಗಿ ಊಟ ಮಾಡು, ರಜೆ ಸಿಕ್ಕ ಕೂಡಲೇ ಬರುತ್ತೇನೆ' ಅಂತ. ಅವಳು ಸಮಾಧಾನದಿಂದ ನಿದ್ದೆ ಹೋದಳು. ಎಷ್ಟೋ ದಿನದ ಮೇಲೆ ನಿದ್ದೆ.

ಪತ್ರವನ್ನು ಅಕ್ಕಿ ಡಬ್ಬಿಯ ಕೆಳಗೆ ಇಟ್ಟಿದ್ದೇನೆ.

ನಿನಗೆ ಹೊಡೆಯಬೇಕು ಅನ್ನಿಸಿತು. ಎದುರಿಗಿದ್ದಿದ್ದರೆ ಹೊಡೆಯುತ್ತಿದ್ದೆ, ವಯಸ್ಸು ನೋಡುತ್ತಿರಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ಕೂತು ನಿನಗೋಸ್ಕರವೂ ಅತ್ತೆ. ಇಬ್ಬರೂ ನನ್ನ ಹೊಟ್ಟೆಯಲ್ಲೇ ಹುಟ್ಟಿದವರು, ಒಬ್ಬಳ ಕಣ್ಣನ್ನು ಇನ್ನೊಬ್ಬಳು ಕಳೆದಳು ಅಂತ ನಾನು ಯಾವ ಬಾಯಲ್ಲಿ ಓದಲಿ? ಹೋದ ಕಣ್ಣು ಹೋಯಿತು. ಅವಳಿಗೆ ಇರುವುದು ನೀನೊಬ್ಬಳು. ನಾನು ಇನ್ನೆಷ್ಟು ದಿನ? ನಿನ್ನನ್ನೂ ಕಿತ್ತುಕೊಂಡರೆ ಅವಳು ಏನು ಹಿಡಿದುಕೊಂಡು ನಡೆಯುತ್ತಾಳೆ?

ನಾನು ಹೊಟ್ಟೆಗೆ ಹಾಕಿಕೊಂಡಿದ್ದೇನೆ. ನೀನೂ ಹಾಕಿಕೋ. ಸುಮ್ಮನೆ ಬಂದುಬಿಡು.

ಅಮ್ಮ


ಜುಲೈ 11

ಅಮ್ಮ,

ನೀನು ನನ್ನನ್ನು ಕಾಪಾಡಲು ನೋಡುತ್ತಿದ್ದೀಯ. ಫೆಬ್ರವರಿಯಲ್ಲಿ ನಾನೂ ನನ್ನನ್ನು ಹೀಗೇ ಕಾಪಾಡಿಕೊಂಡೆ. ಅದರ ಬೆಲೆ ತೆತ್ತವಳು ಅವಳು.

ಅವಳಿಗೆ ಈಗ ಯಾವುದೂ ಕಾಣುವುದಿಲ್ಲ ಅಂತ ನಾವಿಬ್ಬರೂ ಸೇರಿ ಮುಚ್ಚಿಡುವುದು ಬೇಡ. ಅಕ್ಕಿ ಡಬ್ಬಿಯ ಕೆಳಗಿನದನ್ನು ತೆಗೆದು ಓದು. ನಿನ್ನ ಕಾಲು ಹಿಡಿದು ಕೇಳುತ್ತೇನೆ.

ದೊಡ್ಡವಳು


ಆಗಸ್ಟ್ 8

ಅಕ್ಕ,

ಬರೆಯುತ್ತಿರುವವಳು ಗುಂಡಿಯಕ್ಕ. ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು ಅಂತ ಆಣೆ ಹಾಕಿಸಿಕೊಂಡಿದ್ದೇನೆ. ನಮ್ಮ ಮನೆಯಲ್ಲಿ ಬಿಟ್ಟು ಓದುವವರೂ ಬಿಟ್ಟು ಬರೆಯುವವರೂ ಜಾಸ್ತಿಯಾಗಿದ್ದಾರೆ.

ಅಮ್ಮ ಓದುವ ಮೊದಲೇ ಗೊತ್ತಾಯಿತು. ಔಷಧಿಯ ಎರಡನೆಯ ಸೂಜಿಗೆ ಹೋಗಿದ್ದಾಗ ಡಾಕ್ಟರು, "ನಿಮ್ಮ ಹಳೆಯ ಎಡಗಣ್ಣಿನ ಚಿತ್ರ ಬಂದಿದೆ" ಅಂದರು. ನನಗೆ ಸಂತೋಷವೇ ಆಯಿತು, ನೋಡು, ಅಕ್ಕ ಕೊನೆಗೂ ಹುಡುಕಿದಳು ಅಂತ. ಅವರು ಅಂಕಿ ಓದಿದರು. ಎಪ್ಪತ್ತೊಂದು. ಷರಾ ಓದಿದರು. ಆಮೇಲೆ, ಚಿತ್ರ ಸ್ವಲ್ಪವೂ ಅಲ್ಲಾಡಿಲ್ಲವಲ್ಲ ಅಂದರು. ಮನೆಗೆ ಬಂದು, ಅಳಿಸಿಹಾಕಿದ್ದ ಚಿತ್ರ ಎಲ್ಲಿಂದ ಬಂತು ಅಂತ ಅಮ್ಮನನ್ನು ಕೇಳಿದೆ. ಅಕ್ಕಿ ಡಬ್ಬಿ ಸರಿಸಿದ ಸದ್ದು ಕೇಳಿಸಿತು. ಎರಡು ಪತ್ರವನ್ನೂ ಎರಡೆರಡು ಸಲ ಓದಿಸಿದೆ.

ಫೆಬ್ರವರಿಯಲ್ಲಿ ಔಷಧಿ ಶುರುವಾಗಿದ್ದರೆ ಬಲಗಣ್ಣು ಉಳಿಯುತ್ತಿತ್ತಾ ಅಂತ ಡಾಕ್ಟರರನ್ನು ಕೇಳಿದೆ. ಉಳಿಯುತ್ತಿತ್ತೇನೋ, ಇಲ್ಲವೇನೋ, ಯಾರಿಂದಲೂ ಹೇಳಲಾಗದು ಅಂದರು. ಇಷ್ಟು ದಿನ ಆ ಮಾತಿನ ಜೊತೆ ಮಲಗಿ ಎದ್ದಿದ್ದೇನೆ. ಒಂದು ದಿನ ನೀನು ಸತ್ತುಹೋಗು ಅಂತ ಅನ್ನಿಸಿತು. ಮಾರನೆಯ ದಿನ ಕಾಫಿ ಕುಡಿಯುವಾಗ ನೀನು ಪಕ್ಕದಲ್ಲಿ ಇದ್ದಿದ್ದರೆ ಅನ್ನಿಸಿತು. ಗುಂಡಿಯಕ್ಕ ಅಳುತ್ತಿದ್ದಾಳೆ, ಕಾಗದ ಒದ್ದೆ ಮಾಡಬೇಡ ಅಂತ ಬೈದೆ.

ಕ್ಷಮಿಸಿದ್ದೇನೆ ಅಂತ ಬರೆಸುವುದಿಲ್ಲ. ಕ್ಷಮಿಸಿಲ್ಲ. ಮುಂದೆ ಯಾವತ್ತಾದರೂ ಆಗುತ್ತದೋ ಗೊತ್ತಿಲ್ಲ. ಆದರೂ ಬಾ. ನಿನ್ನನ್ನು ಬೈಯಬೇಕು, ನನ್ನ ಬೈಗುಳ ಬರೆಯಲು ಗುಂಡಿಯಕ್ಕನಿಗೆ ನಾಚಿಕೆಯಂತೆ. ಬಂದು ನನ್ನ ಎಡಗಡೆ ಕೂರು, ಬಲಗಡೆ ಇನ್ನೂ ಸ್ವಲ್ಪ ಬೆಳಕು ಬರುತ್ತದೆ, ಅಡ್ಡ ಬರಬೇಡ.

ಅಂಗಡಿಯ ಕೆಲಸ ಮುಗಿಯಿತು. ಯಜಮಾನರು ನನ್ನ ಭೂತಗನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ಕಳಿಸಿದ್ದಾರೆ. ಏನು ಮಾಡಲಿ ಅದನ್ನು? ಕೈಯಲ್ಲಿ ಹಿಡಿದು ಕೂರುತ್ತೇನೆ. ತಣ್ಣಗಿರುತ್ತದೆ. ಆವತ್ತಿನ ಬೂದು ಶಾಲು ಎಲ್ಲೋ ಯಾರದೋ ಹೆಗಲ ಮೇಲಿರಬೇಕು. ಅದರಲ್ಲಿ ತೂತು ಎಲ್ಲಿತ್ತು ಅಂತ ಈಗ ನನ್ನೊಬ್ಬಳಿಗೇ ಗೊತ್ತು.

ಬರುವ ಮೊದಲು ಒಂದು ಕೆಲಸ ಮಾಡು. ಗೋಡೆಯ ಮೇಲಿನ ನನ್ನ ಬಲಗಣ್ಣನ್ನು ತೆಗೆಯಬೇಡ. ಅದು ಈಗ ಅಲ್ಲಿ ಮಾತ್ರ ಇದೆ. ಅದರ ಪಕ್ಕಕ್ಕೆ ಎಡಗಣ್ಣಿನದನ್ನೂ ಹಾಕು, ಅಷ್ಟೇ ದೊಡ್ಡದಾಗಿ, ಕೆಂಪು ಸಮೇತ. ಕೆಲಸ ಕಲಿಯಲು ಬರುವವರನ್ನೆಲ್ಲ ಮೊದಲು ಅದರ ಮುಂದೆ ನಿಲ್ಲಿಸು. ಷರಾವನ್ನು ಹೊಡೆದುಹಾಕಿ, ಕೆಳಗೆ ನಿನ್ನ ಕೈಯಿಂದಲೇ ಬರೆ, 'ಇವಳು ಅಲ್ಲಾಡಿರಲಿಲ್ಲ' ಅಂತ.

ತಂಗಿ